ಗುಂಡಿನ ಮೂತಿ, ಗುಂಡು ಕೂರುವ ಆಳ: ಪಿಸ್ತೂಲಿನ ತೋಟೆ ರೀಲೋಡ್ ಮಾಡುವಾಗ ಬರುವ ತೊಂದರೆಗಳನ್ನು ಪತ್ತೆ ಹಚ್ಚುವುದು ಹೇಗೆ

ರೀಲೋಡ್ ಎಂದರೆ ಸಿಡಿದ ತೋಟೆಯ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್ (ಮದ್ದು ಹೊತ್ತಿಸುವ ಸಣ್ಣ ಬಿಲ್ಲೆ), ಮದ್ದು, ಗುಂಡು ತುಂಬಿ ಮತ್ತೆ ಬಳಸುವುದು. ಹೊಸ ಬಾಕ್ಸ್ ಗುಂಡು ತಂದಿರುತ್ತೀರಿ. ತೂಕ ಅದೇ 124 ಗ್ರೇನ್. ಮದ್ದು ಅದೇ, ಡೈ (ತೋಟೆಗೆ ರೂಪ ಕೊಡುವ ಅಚ್ಚು) ಸೆಟ್ಟಿಂಗ್ ಅದೇ, ತೋಟೆಯ ಒಟ್ಟು ಉದ್ದವೂ ಅದೇ. ಹೋದ ತಿಂಗಳು ಒಂದೇ ಒಂದು ತಕರಾರಿಲ್ಲದೆ ನಡೆದ ಪಿಸ್ತೂಲು ಈಗ ಮೂರನೇ ತೋಟೆಗೇ ನಿಂತುಬಿಡುತ್ತದೆ. ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಇನ್ನೊಂದು ಅಕ್ಕಿಕಾಳಿನಷ್ಟು ಮುಂದೆ ಹೋಗಬೇಕು, ಹೋಗುವುದಿಲ್ಲ. ಬದಲಾಗಿದ್ದು ಒಂದೇ: ಗುಂಡಿನ ಮೂತಿ. ಹಳೆಯದು ಉದ್ದನೆಯ ದುಂಡು ಮೂತಿ, ಹೊಸದು ಚಪ್ಪಟೆ ಮೂತಿ.

ನಾನು ಮೊದಲ ಸಲ ಈ ತೊಂದರೆಗೆ ಸಿಕ್ಕಾಗ ಪಿಸ್ತೂಲನ್ನು ದೂರಿದೆ, ಮ್ಯಾಗಜೀನ್ ಬದಲಿಸಿದೆ, ಎಣ್ಣೆ ಹಾಕಿದೆ. ಎರಡು ವಾರ ಸುಮ್ನೆ ಹೋಯಿತು. ಕೊನೆಗೆ ನಳಿಗೆ ಬಿಚ್ಚಿ ಕೈಯಲ್ಲಿ ಹಿಡಿದು ಒಂದು ತೋಟೆ ಒಳಗೆ ಬಿಟ್ಟು ನೋಡಿದಾಗ ಒಂದು ನಿಮಿಷದಲ್ಲಿ ಕಾರಣ ಕಂಡಿತು. ಆ ಎರಡು ವಾರ ನಿಮಗೆ ಉಳಿಯಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

## ಶುರು ಮಾಡುವ ಮೊದಲು

ಇದು ಅಮೆರಿಕದಲ್ಲಿದ್ದು, ಅಲ್ಲಿನ ಕಾನೂನಿನಂತೆ ರೀಲೋಡ್ ಮಾಡುವ ಕನ್ನಡಿಗರಿಗಾಗಿ. ಅಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರಲು ಬೇಕು. ನಿಮ್ಮ ರಾಜ್ಯದ ನಿಯಮ ಬೇರೆಯಿದ್ದರೆ ಅದನ್ನೂ ನೋಡಿಕೊಳ್ಳಿ. ಭಾರತದ ಕಥೆಯೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವುದು ಅಪರಾಧ. ಕೊಡಗಿನವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಮನೆಯಲ್ಲಿ ತೋಟೆ ತುಂಬುವುದಕ್ಕಲ್ಲ. ಊರಿನಲ್ಲಿರುವವರು ಇದನ್ನು ಓದಿ ತಿಳಿದುಕೊಳ್ಳಿ, ಮಾಡಲು ಹೋಗಬೇಡಿ.

ಇನ್ನೊಂದು ಮಾತು. ಮದ್ದು ಎಷ್ಟು ಹಾಕಬೇಕು ಎಂಬುದನ್ನು ನಾನು ಇಲ್ಲಿ ಎಲ್ಲೂ ಹೇಳುವುದಿಲ್ಲ. ಅದು ಮದ್ದಿನ ಕಂಪನಿ ಅಥವಾ ಗುಂಡಿನ ಕಂಪನಿ ಅಚ್ಚು ಹಾಕಿಸಿದ ಲೋಡ್ ಡೇಟಾದಿಂದ ಮಾತ್ರ ಬರಬೇಕು. ಗೆಳೆಯ ಹೇಳಿದ ಅಳತೆ, ಎಲ್ಲೋ ಓದಿದ ಅಳತೆ ಬೇಡ.

ಕೆಳಗಿನ ಬಹುಪಾಲು ಪರೀಕ್ಷೆಗಳನ್ನು ಡಮ್ಮಿ ತೋಟೆಯಿಂದ ಮಾಡಿ. ಡಮ್ಮಿ ಎಂದರೆ ಪ್ರೈಮರ್ ಇಲ್ಲ, ಮದ್ದು ಇಲ್ಲ, ಬರೀ ಕೇಸು ಮತ್ತು ಗುಂಡು. ಪ್ರೈಮರ್ ಇರಬೇಕಾದ ತೂತು ಖಾಲಿ ಕಾಣಬೇಕು, ಆಗ ಯಾರು ನೋಡಿದರೂ ಗೊತ್ತಾಗುತ್ತದೆ. ಜೀವಂತ ತೋಟೆಗಳನ್ನು ಆ ಹೊತ್ತಿಗೆ ಬೇರೆ ಕೋಣೆಯಲ್ಲಿಡಿ. ಕಣ್ಣಿಗೆ ಕನ್ನಡಕ ಹಾಕಿ. ಸೀಸದ ಗುಂಡು ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಇದು ಇನ್ನೂ ಮುಖ್ಯ.

## ಒಟ್ಟು ಉದ್ದ ಅರ್ಧ ಕಥೆ ಮಾತ್ರ

ಲಕ್ಷಣಗಳಿಗೆ ಹೋಗುವ ಮುನ್ನ ಇದೊಂದು ತಲೆಗೆ ಇಳಿದರೆ ಮುಂದಿನದೆಲ್ಲ ಸುಲಭ.

9 ಎಂಎಂ ಲೂಗರ್ ತೋಟೆಗೆ, ತೋಟೆಗಳ ಅಳತೆ ಮತ್ತು ಒತ್ತಡ ನಿಗದಿ ಮಾಡುವ ಅಮೆರಿಕದ ಸ್ಯಾಮಿ ಸಂಸ್ಥೆ ಹೇಳುವ ಗರಿಷ್ಠ ಒಟ್ಟು ಉದ್ದ 1.169 ಇಂಚು, ಅಂದರೆ 29.69 ಮಿಲಿಮೀಟರ್. ಇದನ್ನು ನೋಡಿದವರು ಹಲವರು 'ಇದಕ್ಕಿಂತ ಕಡಿಮೆ ಇದ್ದರೆ ಸಾಕು' ಅಂದುಕೊಳ್ಳುತ್ತಾರೆ. ಆದರೆ ಆ ಉದ್ದವನ್ನು ಅಳೆಯುವುದು ಕೇಸಿನ ತಳದಿಂದ ಗುಂಡಿನ ತುದಿಯವರೆಗೆ. ತುದಿ ಮ್ಯಾಗಜೀನಿನ ಮುಂಗೋಡೆಗೆ ತಾಗಬಹುದು, ಚೇಂಬರಿನಲ್ಲಿ ಕೂತ ಮೇಲೆ ಯಾವುದಕ್ಕೂ ತಾಗುವುದಿಲ್ಲ. ನಳಿಗೆಯೊಳಗೆ ತಾಗುವುದು ಗುಂಡಿನ ಹೆಗಲು. ಮೂತಿಯ ಬಾಗು ಮುಗಿದು ಗುಂಡು ಪೂರ್ತಿ ದಪ್ಪಕ್ಕೆ ಬರುವ ಜಾಗವನ್ನು ನಾನು ಹೆಗಲು ಎನ್ನುತ್ತೇನೆ.

ಪಿಸ್ತೂಲಿನ ಒಳಗೆ ಹೀಗಿರುತ್ತದೆ: 9 ಎಂಎಂ ಕೇಸಿನ ಬಾಯಿ ಚೇಂಬರಿನ (ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಜಾಗ) ತುದಿಯಲ್ಲಿರುವ ಒಂದು ಸಣ್ಣ ಮೆಟ್ಟಿಲಿಗೆ ತಾಗಿ ನಿಲ್ಲುತ್ತದೆ. ಅದರ ಮುಂದೆ ಗೆರೆಯಿಲ್ಲದ ಒಂಚೂರು ಜಾಗ, ಅದು ನಳಿಗೆಯ ಗಂಟಲು. ಗಂಟಲು ದಾಟಿದರೆ ರೈಫ್ಲಿಂಗಿನ ಸುರುಳಿ ಗೆರೆಗಳು ಶುರು. ಉದ್ದ ಮೂತಿಯ ದುಂಡು ಗುಂಡಿನ ಹೆಗಲು ಹಿಂದೆ ಇರುತ್ತದೆ, ಹಾಗಾಗಿ ಗೆರೆಗೆ ತಾಗುವುದಿಲ್ಲ. ಚಪ್ಪಟೆ ಮೂತಿ, ಕೋನ್ ಮೂತಿ, ಹಾಲೋ ಪಾಯಿಂಟ್ (ತುದಿಯಲ್ಲಿ ಕುಳಿ ಇರುವ ಗುಂಡು) ಇವುಗಳ ಮೂತಿ ಗಿಡ್ಡ, ಹೆಗಲು ಮುಂದೆ. ಒಟ್ಟು ಉದ್ದ ಅದೇ ಇಟ್ಟರೆ ಹೆಗಲು ನೇರ ಗೆರೆಗೆ ಹೋಗಿ ಗುದ್ದುತ್ತದೆ.

ಇನ್ನೊಂದು ಅರ್ಧ ಕೇಸಿನ ಒಳಗಿದೆ. ಕೇಸಿನೊಳಗೆ ಗುಂಡು ಎಷ್ಟು ಜಾಗ ತಿಂದಿದೆ ಎಂಬುದರ ಮೇಲೆ ಮದ್ದಿಗೆ ಉಳಿಯುವ ಜಾಗ ನಿಂತಿದೆ; ಅದು ಕಡಿಮೆಯಾದಷ್ಟೂ ಸಿಡಿದಾಗ ಒತ್ತಡ ಏರುತ್ತದೆ. ಲೆಕ್ಕ ಸುಲಭ: ಕೇಸಿನ ಉದ್ದಕ್ಕೆ ಗುಂಡಿನ ಉದ್ದ ಕೂಡಿಸಿ, ಒಟ್ಟು ಉದ್ದ ಕಳೆಯಿರಿ. ಕೇಸು 0.750 ಇಂಚು, ಗುಂಡು 0.560 ಇಂಚು, ತೋಟೆ 1.150 ಇಂಚು ಎಂದುಕೊಳ್ಳಿ. ಗುಂಡು ಒಳಗಿರುವುದು 0.160 ಇಂಚು. ಅದೇ ಒಟ್ಟು ಉದ್ದಕ್ಕೆ 0.660 ಇಂಚಿನ ಗುಂಡು ಕೂರಿಸಿದರೆ ಒಳಗಿರುವುದು 0.260 ಇಂಚು. ಹೊರಗಿನಿಂದ ಕ್ಯಾಲಿಪರ್‌ನಲ್ಲಿ ಎರಡೂ ಒಂದೇ, ಒಳಗೆ ಅಜಗಜಾಂತರ.

ತೂಕ ನೋಡಿ ಉದ್ದ ಊಹಿಸುವುದೂ ತಪ್ಪು. ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಪೂರ್ತಿ ತಾಮ್ರದ ಗುಂಡು ಅದೇ ತೂಕದ ಸೀಸದ ಗುಂಡಿಗಿಂತ ಉದ್ದ ಇರುತ್ತದೆ. 115 ಗ್ರೇನ್ ಎಂದು ಎರಡು ಬಾಕ್ಸಿನ ಮೇಲೂ ಬರೆದಿದ್ದರೂ ಒಂದರ ಲೋಡ್ ಡೇಟಾ ಇನ್ನೊಂದಕ್ಕೆ ಆಗುವುದಿಲ್ಲ.

ಮುಂದೆ ನಾನು ಥೌ ಎಂಬ ಅಳತೆ ಬಳಸುತ್ತೇನೆ. ಒಂದು ಥೌ ಎಂದರೆ ಇಂಚಿನ ಸಾವಿರ ಭಾಗಗಳಲ್ಲಿ ಒಂದು, ಸುಮಾರು 0.025 ಮಿಲಿಮೀಟರ್.

## ಲಕ್ಷಣ: ಸ್ಲೈಡ್ ಪೂರ್ತಿ ಮುಚ್ಚುತ್ತಿಲ್ಲ

ಅತಿ ಹೆಚ್ಚು ಜನ ಕಾಣುವ ತೊಂದರೆ ಇದೇ. ಖರ್ಚಿಲ್ಲದ ಪರೀಕ್ಷೆಯೂ ಇದಕ್ಕೇ ಇದೆ.

ಪಿಸ್ತೂಲು ಖಾಲಿ ಎಂದು ಎರಡು ಸಲ ನೋಡಿ, ಬಿಚ್ಚಿ, ನಳಿಗೆಯನ್ನು ಕೈಗೆ ತೆಗೆದುಕೊಳ್ಳಿ. ಚೇಂಬರ್ ಮೇಲೆ ಬರುವಂತೆ ಹಿಡಿಯಿರಿ. ಡಮ್ಮಿ ತೋಟೆಯನ್ನು ಒಳಗೆ ಬಿಡಿ. 'ಟಣ್' ಎಂದು ಲೋಹಕ್ಕೆ ಲೋಹ ತಾಗಿದ ಸ್ಪಷ್ಟ ಸದ್ದು ಬರಬೇಕು. ಕೇಸಿನ ತಳ ನಳಿಗೆಯ ಹಿಂಬದಿಯ ಅಂಚಿಗೆ ಸಮ ಇರಬೇಕು. ಬೆರಳಲ್ಲಿ ತಿರುಗಿಸಿದರೆ ಆರಾಮಾಗಿ ತಿರುಗಬೇಕು. ನಳಿಗೆ ತಲೆಕೆಳಗೆ ಮಾಡಿದರೆ ತನ್ನಷ್ಟಕ್ಕೇ ಬೀಳಬೇಕು. ರೀಲೋಡ್ ಮಾಡುವವರು ಇದನ್ನು ಪ್ಲಂಕ್ ಟೆಸ್ಟ್ ಎನ್ನುತ್ತಾರೆ, ಆ ಸದ್ದಿನಿಂದ ಬಂದ ಹೆಸರು. ಹೋಲಿಸಲು ಒಂದು ಫ್ಯಾಕ್ಟರಿ ತೋಟೆಯ ಅನುಭವ ಬೇಕಿದ್ದರೆ, ಪಿಸ್ತೂಲಿನಿಂದ ಬೇರೆ ಮಾಡಿದ ನಳಿಗೆಯಲ್ಲಿ ಮಾತ್ರ ಬಿಟ್ಟು ನೋಡಿ.

ಸದ್ದು ಮಂದವಾಗಿದೆ, ತಿರುಗಿಸಿದರೆ ಹಿಡಿಯುತ್ತದೆ ಎಂದಾದರೆ ಒಂದು ಕಪ್ಪು ಮಾರ್ಕರ್ ತನ್ನಿ. ಗುಂಡಿಗೂ ಕೇಸಿಗೂ ಪೂರ್ತಿ ಬಳಿಯಿರಿ. ಒಣಗಿದ ಮೇಲೆ ಮತ್ತೆ ಒಳಗೆ ಬಿಟ್ಟು, ಹಗುರವಾಗಿ ಒತ್ತಿ ತಿರುಗಿಸಿ ಹೊರಗೆ ತೆಗೆಯಿರಿ. ಬಣ್ಣ ಎಲ್ಲಿ ಉಜ್ಜಿಹೋಗಿದೆಯೋ ಅಲ್ಲೇ ರೋಗ.

ಗುಂಡಿನ ಹೆಗಲ ಮೇಲೆ, ಸಮ ಅಂತರದಲ್ಲಿ ಸಣ್ಣ ಸಣ್ಣ ಗೀರು ಬಿದ್ದಿದ್ದರೆ ಅದು ರೈಫ್ಲಿಂಗಿನ ಗುರುತು. ಗುಂಡು ಇನ್ನೂ ಒಳಗೆ ಕೂರಬೇಕು. 5 ಥೌನಂತೆ ಇಳಿಸುತ್ತಾ ಪ್ರತಿ ಸಲ ಪ್ಲಂಕ್ ಮಾಡಿ. ಆರಾಮಾಗಿ ತಿರುಗಿದ ಉದ್ದ ಸಿಕ್ಕ ಮೇಲೆ ಇನ್ನೂ 15 ಥೌ ಇಳಿಸಿ ಅದನ್ನೇ ನಿಮ್ಮ ಗರಿಷ್ಠ ಉದ್ದ ಎಂದು ಬರೆದಿಡಿ. ಕೊಳೆ ಸೇರಿದಾಗಲೂ, ತೋಟೆಯಿಂದ ತೋಟೆಗೆ ಒಂದೆರಡು ಥೌ ಏರುಪೇರಾದಾಗಲೂ ಆ 15 ಥೌ ನಿಮ್ಮನ್ನು ಕಾಯುತ್ತದೆ.

ಕೇಸಿನ ಬಾಯಿಯ ಅಂಚಿನಲ್ಲಿ ಬಣ್ಣ ಹೋಗಿದ್ದರೆ ಉದ್ದಕ್ಕೆ ಕೈ ಹಾಕಬೇಡಿ. ಗುಂಡು ಕೂರಿಸಲು ಬಾಯಿ ಅಗಲ ಮಾಡಿರುತ್ತೇವಲ್ಲ, ಅದು ಪೂರ್ತಿ ಮುಚ್ಚಿಲ್ಲ. ಕೇಸಿನ ಬಾಯಿಯ ವ್ಯಾಸ 0.380 ಇಂಚು ಮೀರಬಾರದು. 0.378ರ ಆಸುಪಾಸು ಬರುವಂತೆ ಟೇಪರ್ ಕ್ರಿಂಪ್ (ಅಗಲವಾದ ಬಾಯಿಯನ್ನು ಗುಂಡಿಗೆ ಒತ್ತಿ ಮುಚ್ಚುವುದು) ಒಂಚೂರು ಹೆಚ್ಚಿಸಿ. ಇದೊಂದನ್ನು ಸರಿ ಮಾಡುವ ಬದಲು ಗುಂಡನ್ನು ಆಳಕ್ಕೆ ತಳ್ಳಿ, ಇಲ್ಲದ ಒತ್ತಡ ತಂದುಕೊಂಡವರು ಬಹಳ.

ಕೇಸಿನ ನಡುವೆ ಒಂದೇ ಪಕ್ಕದಲ್ಲಿ ಬಣ್ಣ ಹೋಗಿದ್ದರೆ ಗುಂಡು ಸೊಟ್ಟಗೆ ಕೂತಿದೆ. ತಳದ ಹತ್ತಿರ ಸುತ್ತಲೂ ಹೋಗಿದ್ದರೆ ಕೇಸನ್ನು ಮೊದಲಿನ ಅಳತೆಗೆ ಕುಗ್ಗಿಸುವ ಸೈಜಿಂಗ್ ಡೈ ಪೂರ್ತಿ ಕೆಳಗೆ ಇಳಿದಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಕೇಸ್ ಗೇಜ್ ಎಂಬ ಸಣ್ಣ ಉಕ್ಕಿನ ಅಚ್ಚಿನಲ್ಲಿ ತೋಟೆ ಹೋಯಿತು, ಹಾಗಾಗಿ ಸರಿ ಇದೆ ಎಂದು ನಂಬಬೇಡಿ. ಬಹಳಷ್ಟು ಗೇಜ್‌ಗಳಲ್ಲಿ ರೈಫ್ಲಿಂಗ್ ಇರುವುದೇ ಇಲ್ಲ. ಕೇಸಿನ ಅಳತೆ ಅದು ಹೇಳುತ್ತದೆ, ಗುಂಡಿನ ಹೆಗಲ ಬಗ್ಗೆ ಏನೂ ಹೇಳುವುದಿಲ್ಲ. ನಳಿಗೆಯಿಂದ ನಳಿಗೆಗೂ ವ್ಯತ್ಯಾಸ ಜಾಸ್ತಿ. ಸಿಝಡ್ 75 ಪಿಸ್ತೂಲುಗಳ ಗಂಟಲು ಗಿಡ್ಡ ಎಂಬುದು ರೀಲೋಡರ್‌ಗಳಿಗೆಲ್ಲ ಗೊತ್ತು. ಬೇರೆ ಪಿಸ್ತೂಲಿನಲ್ಲಿ ಚೆನ್ನಾಗಿ ನಡೆದ ಉದ್ದ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ಎರಡು ಪಿಸ್ತೂಲಿದ್ದರೆ ಗಿಡ್ಡ ಗಂಟಲಿನದಕ್ಕೆ ಹೊಂದುವ ಉದ್ದ ಹಿಡಿಯಿರಿ, ಅದು ಲೋಡ್ ಡೇಟಾದ ಉದ್ದಕ್ಕಿಂತ ಕಡಿಮೆ ಆಗದಿದ್ದರೆ. ಕಡಿಮೆ ಆದರೆ ಮದ್ದನ್ನು ಆ ಡೇಟಾದ ಆರಂಭದ ಅಳತೆಗೆ ಇಳಿಸಿ, ಅಲ್ಲಿಂದ ಮತ್ತೆ ಶುರು ಮಾಡಬೇಕು.

## ಲಕ್ಷಣ: ಮುಚ್ಚಿತು, ಆದರೆ ಸಿಡಿಯದ ತೋಟೆ ಹೊರಗೆ ಬರುತ್ತಿಲ್ಲ

ಇದು ಮೇಲಿನ ತೊಂದರೆಯ ಅಣ್ಣ. ಸ್ಲೈಡ್ ತಳ್ಳಿದ ರಭಸಕ್ಕೆ ಗುಂಡು ಗೆರೆಗಳ ನಡುವೆ ಬೆಣೆಯಂತೆ ಸೇರಿಕೊಂಡಿದೆ. ಎಳೆದರೆ ಎರಡು ಸಾಧ್ಯತೆ. ಸ್ಲೈಡ್ ಅಲ್ಲಾಡುವುದೇ ಇಲ್ಲ. ಇಲ್ಲವೇ ಕೇಸು ಮಾತ್ರ ಈಚೆ ಬಂದು, ಗುಂಡು ನಳಿಗೆಯಲ್ಲೇ ಉಳಿದು, ಮದ್ದು ಪಿಸ್ತೂಲಿನ ಒಳಗೆಲ್ಲ ಚೆಲ್ಲುತ್ತದೆ.

ಇಲ್ಲಿ ಬಲ ಪ್ರಯೋಗ ಬೇಡ. ಸ್ಲೈಡನ್ನು ಮೇಜಿಗೆ ಬಡಿಯುವುದು, ನಳಿಗೆಯ ಬಾಯಿಯ ಕಡೆಯಿಂದ ಕಂಬಿ ತೂರಿಸಿ ಸುತ್ತಿಗೆ ಹೊಡೆಯುವುದು, ಎರಡೂ ಕೈ ಕಳೆದುಕೊಳ್ಳುವ ಕೆಲಸ. ಒಳಗಿರುವುದು ಜೀವಂತ ತೋಟೆ ಎಂಬುದನ್ನು ಮರೆಯಬೇಡಿ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ರೇಂಜ್ ಆಫೀಸರನ್ನು ಕರೆಯಿರಿ. ಮನೆಯಲ್ಲಿ ಆಗಿದ್ದರೆ ಗನ್‌ಸ್ಮಿತ್‌ಗೆ ಮೊದಲು ಫೋನ್ ಮಾಡಿ, ಹೇಗೆ ತರಬೇಕು ಎಂದು ಕೇಳಿಯೇ ಹೊರಡಿ. ಉಳಿದ ತೋಟೆಗಳನ್ನು ಒಂದೊಂದಾಗಿ ಪ್ಲಂಕ್ ಮಾಡುವವರೆಗೆ ಆ ಬಾಕ್ಸ್ ಮುಚ್ಚಿಡಿ.

ಗುಂಡು ಗೆರೆಗೆ ತಾಗಿಕೊಂಡೇ ಸಿಡಿದರೂ ಒತ್ತಡ ಏರುತ್ತದೆ, ಏಕೆಂದರೆ ಗುಂಡಿಗೆ ಓಡಿ ಹೊರಡಲು ಜಾಗವೇ ಇರುವುದಿಲ್ಲ. ಅಂದರೆ ಅತಿ ಆಳವೂ ಅಪಾಯ, ಅತಿ ಉದ್ದವೂ ಅಪಾಯ.

## ಲಕ್ಷಣ: ಪ್ರತಿ ತೋಟೆಯ ಉದ್ದ ಬೇರೆ ಬೇರೆ ಬರುತ್ತಿದೆ

ಮೊದಲು ಗಾಬರಿ ಬಿಡಿ. ಎರಡು ಮೂರು ಥೌ ಏರುಪೇರು ಎಲ್ಲರ ಮೇಜಿನಲ್ಲೂ ಇದೆ. 10 ಥೌ ದಾಟಿದರೆ ಹುಡುಕಬೇಕು.

ಗುಂಡು ಕೂರಿಸುವ ಡೈಯ ಒಳಗಿನ ಒತ್ತುಗಡ್ಡಿಯನ್ನು ತೆಗೆದು ನೋಡಿ. ದುಂಡು ಮೂತಿಗೆ ಮಾಡಿದ ಗಡ್ಡಿಯ ಬಾಯಿ ಬಟ್ಟಲಿನಂತಿರುತ್ತದೆ. ಚಪ್ಪಟೆ ಮೂತಿಯ ಗುಂಡನ್ನು ಅದರಿಂದ ಒತ್ತಿದರೆ ಅಂಚಿನಲ್ಲಿ ಮಾತ್ರ ಹಿಡಿದು ಗುಂಡು ಓರೆಯಾಗುತ್ತದೆ. ಗುಂಡಿನ ಮೇಲೆ ಉಂಗುರದಂಥ ಗುರುತು ಕಾಣುತ್ತಿದೆಯಾ? ಅದು ಗಡ್ಡಿ ಹೊಂದುತ್ತಿಲ್ಲ ಎಂಬುದರ ಸಾಕ್ಷಿ. ಹಲವು ಡೈ ಸೆಟ್‌ಗಳಲ್ಲಿ ಗಡ್ಡಿಯನ್ನು ತಿರುಗಿಸಿ ಹಾಕಿದರೆ ಇನ್ನೊಂದು ತುದಿ ಚಪ್ಪಟೆ ಇರುತ್ತದೆ. ಒಳಗೆ ಗ್ರೀಸು, ಸೀಸದ ಪುಡಿ ಕಟ್ಟಿಕೊಂಡಿದ್ದರೂ ಗುಂಡು ದಿನೇ ದಿನೇ ಆಳಕ್ಕೆ ಹೋಗುತ್ತದೆ.

ಹಾಲೋ ಪಾಯಿಂಟ್ ಗುಂಡಿನಲ್ಲಿ ತುದಿಯೇ ಒರಟು. ಗಡ್ಡಿ ಹೆಗಲ ಹತ್ತಿರ ಹಿಡಿದು ಸರಿಯಾಗಿ ಕೂರಿಸಿದ್ದರೂ ತುದಿ ಏರುಪೇರಿದ್ದರೆ ಒಟ್ಟು ಉದ್ದ ಬೇರೆ ಬೇರೆ ತೋರುತ್ತದೆ. ಇದು ತೊಂದರೆಯೇ ಅಲ್ಲ. ಎಲ್ಲವೂ ಪ್ಲಂಕ್ ಆಗುತ್ತವೆಯೇ ನೋಡಿ, ಸಾಕು.

ಪ್ರೊಗ್ರೆಸಿವ್ ಪ್ರೆಸ್ (ಒಂದೇ ಎಳೆತಕ್ಕೆ ಹಲವು ಕೇಸುಗಳ ಮೇಲೆ ಬೇರೆ ಬೇರೆ ಹಂತದ ಕೆಲಸ ಮಾಡುವ ಯಂತ್ರ) ಬಳಸುವವರಿಗೆ ಒಂದು ಗುಟ್ಟು: ಎಲ್ಲ ಸ್ಟೇಷನ್‌ಗಳಲ್ಲೂ ಕೇಸಿರುವಾಗ ಬರುವ ಉದ್ದಕ್ಕೂ, ಒಂದೇ ಕೇಸು ಓಡಿಸಿದಾಗ ಬರುವ ಉದ್ದಕ್ಕೂ ವ್ಯತ್ಯಾಸ ಇರುತ್ತದೆ. ಶೆಲ್‌ಪ್ಲೇಟ್ (ಕೇಸುಗಳನ್ನು ಹಿಡಿಯುವ ತಟ್ಟೆ) ಒಂಚೂರು ಬಾಗುವುದೇ ಕಾರಣ. ಉದ್ದ ಹೊಂದಿಸುವಾಗ ಪ್ಲೇಟ್ ತುಂಬಿರಲಿ.

## ಲಕ್ಷಣ: ಮ್ಯಾಗಜೀನಿನಿಂದ ಮೇಲೆ ಬರುವಾಗ ಮೂತಿ ಕೆಳಗೆ ಬಿದ್ದು ಸಿಕ್ಕಿಕೊಳ್ಳುತ್ತದೆ

ಮೊದಲು ಮ್ಯಾಗಜೀನ್ ಬದಲಿಸಿ ನೋಡಿ, ತೋಟೆ ಚೇಂಬರಿಗೆ ಜಾರಿ ಹೋಗುವ ಇಳಿಜಾರು, ಅಂದರೆ ಫೀಡ್ ರ‍್ಯಾಂಪ್ ಒರೆಸಿ. ಒಂದೇ ಮ್ಯಾಗಜೀನಿನಲ್ಲಿ ಮಾತ್ರ ಆಗುತ್ತಿದ್ದರೆ ಸ್ಪ್ರಿಂಗ್ ಸೋತಿರಬಹುದು. ಫ್ಯಾಕ್ಟರಿ ತೋಟೆಯೂ ಸಿಕ್ಕಿಕೊಂಡರೆ ದೋಷ ಪಿಸ್ತೂಲಿನದು, ನಿಮ್ಮ ತೋಟೆಯದಲ್ಲ. ನಿಮ್ಮ ತೋಟೆ ಮಾತ್ರ ಸಿಕ್ಕಿಕೊಳ್ಳುತ್ತಿದ್ದರೆ ಅದು ತೀರ ಗಿಡ್ಡ ಆಗಿರುವ ಸಂಭವ ಹೆಚ್ಚು. ಗಿಡ್ಡ ತೋಟೆ ಮ್ಯಾಗಜೀನಿನಲ್ಲಿ ಹಿಂದೆ ಮುಂದೆ ಓಡಾಡುತ್ತದೆ, ಮೂತಿ ರ‍್ಯಾಂಪಿನ ಕೆಳಭಾಗಕ್ಕೆ ಹೋಗಿ ಗುದ್ದುತ್ತದೆ.

.45 ಎಸಿಪಿ ಎಂಬ ಇನ್ನೊಂದು ಪಿಸ್ತೂಲು ತೋಟೆ ಈ ಪಾಠವನ್ನು ಚೆನ್ನಾಗಿ ಕಲಿಸುತ್ತದೆ. ಜಾನ್ ಬ್ರೌನಿಂಗ್ ರೂಪಿಸಿದ 1911 ಪಿಸ್ತೂಲು ಹುಟ್ಟಿದ್ದೇ 230 ಗ್ರೇನಿನ ದುಂಡು ಮೂತಿಯ ಗುಂಡಿನ ಜೊತೆ. ಆದರೆ ಗುರಿ ಸ್ಪರ್ಧೆಯವರಿಗೆ ಕಾಗದದಲ್ಲಿ ಚೊಕ್ಕ ತೂತು ಬೇಕು, ಅದಕ್ಕೆ ಸೆಮಿ ವಾಡ್‌ಕಟರ್ ಗುಂಡು ಬೇಕು. ಮೊಂಡು ಮೂತಿ, ಅದರ ಬುಡದಲ್ಲಿ ಚೂಪಾದ ಹೆಗಲು. ಇದನ್ನು 1911 ಪಿಸ್ತೂಲಿನಲ್ಲಿ ನಡೆಸಲು ಹೆನ್ಸ್‌ಲಿ ಮತ್ತು ಗಿಬ್ಸ್ ಅವರ 68ನೇ ನಂಬರಿನ ಅಚ್ಚು ಹೆಸರಾಯಿತು. ಅದರ 200 ಗ್ರೇನ್ ಗುಂಡಿನ ಮೂತಿ ಮುಂದಕ್ಕೆ ಚಾಚಿಕೊಂಡಿದೆ. ಹಾಗಾಗಿ ರ‍್ಯಾಂಪಿಗೆ ತಾಗುವ ಜಾಗ ಹೆಚ್ಚುಕಡಿಮೆ ದುಂಡು ಗುಂಡಿನದರಂತೆಯೇ ಇರುತ್ತದೆ. ಇದನ್ನು ಕೂರಿಸುವಾಗ ಹಳಬರು ಕ್ಯಾಲಿಪರಿಗಿಂತ ಮೊದಲು ಉಗುರು ನೋಡುತ್ತಾರೆ: ಕೇಸಿನ ಬಾಯಿಯ ಮೇಲೆ ಹೆಗಲು ಹೆಬ್ಬೆರಳಿನ ಉಗುರಿನ ದಪ್ಪದಷ್ಟು ಕಾಣಬೇಕು, ಅಂದರೆ ಇಂಚಿನ 32ನೇ ಒಂದು ಭಾಗ. ಹೆಗಲು ಪೂರ್ತಿ ಒಳಗೆ ಹೋದರೆ ಕೇಸಿನ ಬಾಯಿಯೇ ಎಲ್ಲಾದರೂ ತಗಲುತ್ತದೆ. ಜಾಸ್ತಿ ಹೊರಗಿದ್ದರೆ ಗೆರೆಗೆ ಗುದ್ದುತ್ತದೆ. ನನಗೆ ಈ ಗುಂಡಿನ ಮೇಲೆ ತುಂಬಾ ಪ್ರೀತಿ. ಆಕಾರ ಎಷ್ಟು ಮುಖ್ಯ ಎಂದು ಕಣ್ಣಾರೆ ತೋರಿಸುವ ಗುಂಡು ಇದು.

9 ಎಂಎಂಗೆ ಮರಳಿದರೆ, ಹೊಸದಾಗಿ ರೀಲೋಡಿಂಗ್ ಶುರು ಮಾಡುವವರು ದುಂಡು ಮೂತಿಯ ಗುಂಡಿನಿಂದಲೇ ಆರಂಭಿಸಲಿ ಎಂಬುದು ನನ್ನ ಸಲಹೆ. ಅದು ಎಲ್ಲಿ ತಾಗಿದರೂ ಜಾರಿಕೊಂಡು ಒಳಗೆ ಹೋಗುತ್ತದೆ.

## ಲಕ್ಷಣ: ಚೇಂಬರಿಗೆ ಹೋಗಿ ಬಂದ ತೋಟೆ ಗಿಡ್ಡ ಆಗಿದೆ

ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ.

ತೋಟೆ ರ‍್ಯಾಂಪಿಗೆ ಗುದ್ದಿದಾಗ ಗುಂಡು ಕೇಸಿನೊಳಕ್ಕೆ ಜಾರುತ್ತದೆ. ಇದಕ್ಕೆ ಸೆಟ್‌ಬ್ಯಾಕ್ ಎನ್ನುತ್ತಾರೆ. ಮೊಂಡು ಮೂತಿಯ ಗುಂಡು ಜೋರಾಗಿ ಗುದ್ದುವುದರಿಂದ ಅದರಲ್ಲಿ ಇದು ಹೆಚ್ಚು. 9 ಎಂಎಂ ಕೇಸಿನೊಳಗೆ ಜಾಗ ಮೊದಲೇ ಕಡಿಮೆ. ಸ್ಯಾಮಿ ಒಪ್ಪುವ ಗರಿಷ್ಠ ಒತ್ತಡ 35,000 ಪಿಎಸ್‌ಐ, .45 ಎಸಿಪಿಯ 21,000ಕ್ಕೆ ಹೋಲಿಸಿದರೆ ಬಹಳ ಮೇಲೆ. ಚಿಕ್ಕ ಪಾತ್ರೆ, ದೊಡ್ಡ ಒತ್ತಡ. ಸ್ಪೀರ್ ಕಂಪನಿಯವರು 9 ಎಂಎಂನಲ್ಲಿ ಬೇಕೆಂದೇ ಗುಂಡನ್ನು 30 ಥೌ ಹೆಚ್ಚು ಆಳಕ್ಕೆ ಕೂರಿಸಿ ಅಳೆದು ನೋಡಿದರು. 28,000 ಸಿಯುಪಿ (ಒತ್ತಡ ಅಳೆಯುವ ಇನ್ನೊಂದು ಮಾನ) ಇದ್ದ ಒತ್ತಡ 62,000ಕ್ಕೆ ಹೋಯಿತು. 30 ಥೌ ಎಂದರೆ ಮುಕ್ಕಾಲು ಮಿಲಿಮೀಟರ್. ಬರಿಗಣ್ಣಿಗೆ ಕಾಣುವುದೂ ಕಷ್ಟ, ಅಲ್ವಾ?

ಪರೀಕ್ಷೆ ಹೀಗೆ. ಡಮ್ಮಿ ತೋಟೆಯ ಉದ್ದ ಅಳೆದು ಬರೆಯಿರಿ. ಮೊದಲು ಮೇಜಿನ ಅಂಚಿಗೆ ಮೂತಿ ಆನಿಸಿ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ. ಜಾರಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಹಿಡಿತ ಇಲ್ಲ. ಜಾರದಿದ್ದರೆ ಮ್ಯಾಗಜೀನಿಗೆ ಹಾಕಿ, ಸ್ಲೈಡನ್ನು ಹಿಂದಿನಿಂದ ಪೂರ್ತಿ ರಭಸದಿಂದ ಹೋಗಲು ಬಿಡಿ. ಹೊರತೆಗೆದು ಅಳೆಯಿರಿ. ಮೂರು ಸಲ ಮಾಡಿ. ಒಂದೆರಡು ಥೌ ಕುಗ್ಗಿದರೆ ಚಿಂತೆ ಇಲ್ಲ. 5 ಥೌ ದಾಟಿದರೆ ಆ ಸೆಟ್ಟಿಂಗಿನಲ್ಲಿ ನಾನು ಒಂದೂ ಜೀವಂತ ತೋಟೆ ಮಾಡುವುದಿಲ್ಲ.

ಕಾರಣ ಹುಡುಕುವಾಗ ಎಲ್ಲರ ಕೈ ಮೊದಲು ಕ್ರಿಂಪ್ ಡೈ ಕಡೆಗೆ ಹೋಗುತ್ತದೆ, ಇನ್ನೂ ಬಿಗಿ ಮಾಡೋಣ ಎಂದು. ಅದು ಉಲ್ಟಾ ಕೆಲಸ ಮಾಡುತ್ತದೆ. ತೀರ ಬಿಗಿ ಮಾಡಿದರೆ ಹಿತ್ತಾಳೆಯೂ ಸೀಸವೂ ಒಟ್ಟಿಗೆ ಒಳಕ್ಕೆ ಒತ್ತಲ್ಪಡುತ್ತವೆ. ಡೈ ಬಿಟ್ಟ ಕೂಡಲೇ ಹಿತ್ತಾಳೆ ಸ್ಪ್ರಿಂಗಿನಂತೆ ಹಿಂದೆ ಬರುತ್ತದೆ, ಸೀಸ ಬರುವುದಿಲ್ಲ. ನಡುವೆ ಸಂದು ಉಳಿದು ಹಿಡಿತ ಇನ್ನೂ ಸಡಿಲ ಆಗುತ್ತದೆ. 9 ಎಂಎಂನಲ್ಲಿ ಗುಂಡನ್ನು ಹಿಡಿಯುವುದು ಕ್ರಿಂಪ್ ಅಲ್ಲ, ಸೈಜ್ ಮಾಡಿದ ಕೇಸಿನ ಗೋಡೆ.

ಹಾಗಾಗಿ ಮೊದಲು ಬಾಯಿ ಅಗಲಿಸುವುದನ್ನು ಕಡಿಮೆ ಮಾಡಿ. ಗುಂಡು ಬಾಯಿಯಲ್ಲಿ ನೆಟ್ಟಗೆ ಕೂರುವಷ್ಟು ಅಗಲ ಸಾಕು. ಆಮೇಲೆ ಎಕ್ಸ್‌ಪ್ಯಾಂಡರ್ ಕಂಬಿಯ (ಕೇಸಿನ ಬಾಯಿ ಅಗಲಿಸುವ ಸಾಧನ) ದಪ್ಪ ಅಳೆಯಿರಿ. ಅದು ಗುಂಡಿಗಿಂತ ಎರಡು ಮೂರು ಥೌ ಸಣ್ಣ ಇರಬೇಕು. ನಂತರ ಕೇಸುಗಳನ್ನು ಬ್ರ್ಯಾಂಡ್ ಪ್ರಕಾರ ಬೇರೆ ಮಾಡಿ ಮತ್ತೆ ಪರೀಕ್ಷಿಸಿ, ಗೋಡೆ ತೆಳುವಿರುವ ಕೇಸುಗಳು ಗುಂಡನ್ನು ಸರಿಯಾಗಿ ಹಿಡಿಯುವುದಿಲ್ಲ. ಕೇಸಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಕೆಲವು 9 ಎಂಎಂ ಕೇಸುಗಳ ಒಳಗೋಡೆಯಲ್ಲಿ ಒಂದು ಮೆಟ್ಟಿಲು ಇರುತ್ತದೆ. ಮದ್ದಿಗೆ ಜಾಗ ಕಡಿಮೆ, ಕೇಸು ಅಲ್ಲೇ ಕತ್ತರಿಸಿಹೋಗುವ ಭಯವೂ ಇದೆ. ಅಂಥವನ್ನು ಗುಜರಿಗೆ ಹಾಕಿ.

ಒಂದೇ ತೋಟೆಯನ್ನು ದಿನಾ ತೆಗೆದು ದಿನಾ ಹಾಕುವ ಅಭ್ಯಾಸ ಇದ್ದರೆ ಅದು ಫ್ಯಾಕ್ಟರಿ ತೋಟೆಯಾದರೂ ಆಗಾಗ ಉದ್ದ ನೋಡಿ. ಗಿಡ್ಡ ಆಗಿದ್ದನ್ನು ಸಿಡಿಸಬೇಡಿ.

## ಲಕ್ಷಣ: ಕೇಸಿನ ಹೊಟ್ಟೆ ಉಬ್ಬಿದೆ

ಗುಂಡಿನ ತಳ ನಿಂತಿರುವ ಜಾಗದಲ್ಲಿ ಸುತ್ತಲೂ ಸಮವಾದ ಸಣ್ಣ ಉಬ್ಬು, ಅದರ ಕೆಳಗೆ ಸೊಂಟದಂತೆ ತೆಳು. ಇದು ಒಳ್ಳೆಯ ಲಕ್ಷಣ, ಹಿಡಿತ ಇದೆ ಎಂದರ್ಥ. ಒಂದೇ ಪಕ್ಕ ಉಬ್ಬಿದ್ದರೆ ಗುಂಡು ಸೊಟ್ಟ, ಮೇಲೆ ಹೇಳಿದ ಒತ್ತುಗಡ್ಡಿ ಮತ್ತು ಬಾಯಿಯ ಅಗಲ ನೋಡಿ.

147 ಗ್ರೇನಿನ ಉದ್ದ ಗುಂಡಿನಲ್ಲಿ ಮಾತ್ರ ಉಬ್ಬು ಕೆಳಗೆ ಬಂದು ಚೇಂಬರಿಗೆ ಹಿಡಿಯುತ್ತಿದ್ದರೆ ಕಾರಣ ಬೇರೆ. 9 ಎಂಎಂ ಕೇಸಿನ ಗೋಡೆ ತಳಕ್ಕೆ ಹೋಗುತ್ತಾ ದಪ್ಪ ಆಗುತ್ತದೆ. ಉದ್ದ ಗುಂಡಿನ ತಳ ಆ ದಪ್ಪಕ್ಕೆ ತಲುಪಿ ಹೊರಗೆ ನೂಕುತ್ತಿದೆ. ಗುಂಡಿನ ತಳದ ಅಂಚು ಓರೆಯಾಗಿರುವ ನಮೂನೆ ತನ್ನಿ, ಇಲ್ಲವೇ ಬೇರೆ ಬ್ರ್ಯಾಂಡ್ ಕೇಸು ಬಳಸಿ.

## ಲಕ್ಷಣ: ಗುಂಡು ಕಾಗದಕ್ಕೆ ಅಡ್ಡಡ್ಡ ಬೀಳುತ್ತಿದೆ

ತೂತು ದುಂಡಗಿಲ್ಲದೆ ಬೀಗದ ಕೈ ತೂತಿನಂತೆ ಇದ್ದರೆ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಿದೆ. ಒಂದು ತೋಟೆಯನ್ನು ಗುಂಡು ಕೀಳುವ ಸುತ್ತಿಗೆಯಲ್ಲಿ ಬಿಚ್ಚಿ ಗುಂಡನ್ನು ನೋಡಿ. ತಾಮ್ರದ ತೆಳು ಲೇಪದ ಗುಂಡಾದರೆ ಕ್ರಿಂಪ್ ಆ ಲೇಪವನ್ನು ಕತ್ತರಿಸಿರುತ್ತದೆ. ಕ್ರಿಂಪ್ ಸಡಿಲಿಸಿ. ಅಚ್ಚು ಹೊಯ್ದ ಸೀಸದ ಗುಂಡಾದರೆ ವ್ಯಾಸ ಅಳೆಯಿರಿ. ಜ್ಯಾಕೆಟ್ ಗುಂಡು (ಸೀಸದ ಮೇಲೆ ಗಟ್ಟಿ ಲೋಹದ ಹೊದಿಕೆ ಇರುವುದು) 0.355 ಇಂಚು, ಸೀಸದ್ದು ಸಾಮಾನ್ಯವಾಗಿ 0.356. ಒಳಗೆ ಹೋದದ್ದು 0.356 ಇದ್ದು, ಬಿಚ್ಚಿದಾಗ 0.354 ಆಗಿದ್ದರೆ ಕೇಸೇ ಅದನ್ನು ಹಿಸುಕಿದೆ.

## ಲಕ್ಷಣ: ಒದೆತ ಹೆಚ್ಚಾಗಿದೆ, ಅಥವಾ ಸದ್ದು 'ಪುಸ್' ಎಂದಿತು

ಎರಡಕ್ಕೂ ಒಂದೇ ಉತ್ತರ: ಆ ಕ್ಷಣವೇ ನಿಲ್ಲಿಸಿ.

ಪುಸ್ ಎಂದರೆ ಗುಂಡು ನಳಿಗೆಯಲ್ಲೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸೀಳುತ್ತದೆ. ಸ್ಪರ್ಧೆಯ ನಡುವೆ ಇದ್ದರೂ ಟ್ರಿಗರ್ ಬಿಡಿ. ಪಿಸ್ತೂಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಸ್ವಲ್ಪ ಹೊತ್ತು ಕಾಯಿರಿ, ಆಮೇಲೆ ಖಾಲಿ ಮಾಡಿ, ಬಿಚ್ಚಿ, ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಗನ್‌ಸ್ಮಿತ್ ಹತ್ತಿರ ಹೋಗಿ.

ಒದೆತ ಹೆಚ್ಚಿದ್ದು, ಖಾಲಿ ಕೇಸು ಎಂದಿಗಿಂತ ದೂರ ಬೀಳುತ್ತಿದ್ದರೆ, ತಳದ ಹತ್ತಿರ ಒಂದು ಕಡೆ ಉಬ್ಬಿ ನಗುವಿನಂಥ ಗುರುತು ಬಿದ್ದಿದ್ದರೆ ಒತ್ತಡ ಮಿತಿ ಮೀರಿದೆ ಎಂದೇ ತಿಳಿಯಿರಿ. ಪ್ರೈಮರ್ ಚಪ್ಪಟೆ ಆಗಿಲ್ಲ, ಹಾಗಾಗಿ ಪರವಾಗಿಲ್ಲ ಎಂಬ ಮಾತನ್ನು ಕೇಳಬೇಡಿ. ಪಿಸ್ತೂಲಿನಲ್ಲಿ ಪ್ರೈಮರ್ ನಂಬುವ ಸಾಕ್ಷಿ ಅಲ್ಲ. ಗುಂಡಿನ ಆಕಾರ ಬದಲಿಸಿದ ಮೇಲೆ ಇದು ಶುರುವಾಗಿದ್ದರೆ, ಹೊಸ ಗುಂಡಿನ ಉದ್ದ ಅಳೆದು ಮೇಲಿನ ಲೆಕ್ಕ ಹಾಕಿ. ಕೇಸಿನೊಳಗೆ ಎಷ್ಟು ಹೆಚ್ಚು ಜಾಗ ತಿಂದಿದೆ ಎಂದು ಗೊತ್ತಾಗುತ್ತದೆ. ಆ ಬ್ಯಾಚಿನ ಉಳಿದ ತೋಟೆಗಳನ್ನು ಬಿಚ್ಚಿ ಹಾಕಿ. 200 ತೋಟೆ ಬಿಚ್ಚಲು ಒಂದು ಸಂಜೆ ಪೂರ್ತಿ ಬೇಕು, ನಾನೂ ಬಿಚ್ಚಿದ್ದೇನೆ. ಬೇಸರದ ಕೆಲಸ, ಆದರೂ ಬಿಚ್ಚಿ.

## ಲಕ್ಷಣ: ರಿವಾಲ್ವರಿನ ಸಿಲಿಂಡರ್ ನಡುವೆ ತಿರುಗದೆ ನಿಂತಿತು

ಪಿಸ್ತೂಲಿನಲ್ಲಿ ಗುಂಡು ಒಳಗೆ ಹೋಗುವ ಚಿಂತೆಯಾದರೆ ರಿವಾಲ್ವರಿನಲ್ಲಿ ಹೊರಗೆ ಬರುವ ಚಿಂತೆ. .357 ಮ್ಯಾಗ್ನಂನಂಥ ಜೋರಾದ ತೋಟೆ ಸಿಡಿದಾಗ ರಿವಾಲ್ವರ್ ಹಿಂದಕ್ಕೆ ಒದೆಯುತ್ತದೆ, ಸಿಲಿಂಡರಿನ ಪಕ್ಕದ ತೂತುಗಳಲ್ಲಿರುವ ಗುಂಡುಗಳು ತಮ್ಮ ಜಾಗದಲ್ಲೇ ಉಳಿಯಲು ನೋಡುತ್ತವೆ. ಹಿಡಿತ ಸಡಿಲ ಇದ್ದರೆ ಗುಂಡು ಕೇಸಿನಿಂದ ಈಚೆ ಬಂದು ಸಿಲಿಂಡರಿನ ಮುಂದೆ ಇಣುಕಿ ಫ್ರೇಮಿಗೆ ತಗಲುತ್ತದೆ.

ಪರೀಕ್ಷೆಗೆ ಆರು ತುಂಬಿ. ಆರನೆಯದರ ಉದ್ದ ಮೊದಲೇ ಅಳೆದು ಗುರುತು ಹಾಕಿ. ಐದು ಹೊಡೆದು ಆರನೆಯದನ್ನು ತೆಗೆದು ಅಳೆಯಿರಿ. ಉದ್ದ ಆಗಿದ್ದರೆ ರೋಲ್ ಕ್ರಿಂಪ್ (ಕೇಸಿನ ಬಾಯಿಯನ್ನು ಗುಂಡಿನ ಕಾಲುವೆಯೊಳಕ್ಕೆ ಮಡಚುವುದು) ಸಾಲದು, ಅಥವಾ ಗುಂಡಿನ ಕ್ರಿಂಪ್ ಕಾಲುವೆ ಇರುವ ಜಾಗಕ್ಕೂ ಕೇಸಿನ ಬಾಯಿಗೂ ಹೊಂದಿಲ್ಲ. ರಿವಾಲ್ವರಿನಲ್ಲಿ ಉದ್ದ ತೀರ್ಮಾನಿಸುವುದು ಆ ಕಾಲುವೆಯೇ. ಕೇಸುಗಳ ಉದ್ದ ಒಂದೇ ಇರುವಂತೆ ಟ್ರಿಮ್ ಮಾಡಿದರೆ ಕ್ರಿಂಪ್ ಎಲ್ಲದಕ್ಕೂ ಸಮ ಬೀಳುತ್ತದೆ. ಇದೇ ರೋಲ್ ಕ್ರಿಂಪನ್ನು 9 ಎಂಎಂಗೆ ಹಾಕಬೇಡಿ. ಅದು ನಿಲ್ಲುವುದೇ ಕೇಸಿನ ಬಾಯಿಯ ಮೇಲೆ, ಬಾಯಿ ಒಳಕ್ಕೆ ಮಡಚಿದರೆ ನಿಲ್ಲಲು ಅಂಚು ಉಳಿಯುವುದಿಲ್ಲ.

.38 ಸ್ಪೆಷಲ್‌ನಲ್ಲಿ ಪೂರ್ತಿ ಚಪ್ಪಟೆಯ ವಾಡ್‌ಕಟರ್ ಗುಂಡನ್ನು ಕೇಸಿನ ಬಾಯಿಗೆ ಸಮವಾಗಿ ಒಳಗೆ ಕೂರಿಸುತ್ತಾರೆ. ಕೇಸಿನ ಬಹುಭಾಗ ಗುಂಡೇ ತುಂಬಿರುತ್ತದೆ. ಆದ್ದರಿಂದ ಅದಕ್ಕೆ ಅದರದೇ ಲೋಡ್ ಡೇಟಾ ಬೇಕು, ಅದೇ ತೂಕದ ದುಂಡು ಗುಂಡಿನ ಡೇಟಾ ಹಾಕಿದರೆ ಅಪಾಯ.

## ಹೊಸ ಗುಂಡು ಕೈಗೆ ಬಂದಾಗ

ನಾನು ಈಗ ಮಾಡುವುದು ಇಷ್ಟು. ಬಾಕ್ಸಿನಿಂದ 10 ಗುಂಡು ತೆಗೆದು ಉದ್ದ ಅಳೆಯುತ್ತೇನೆ. ಒಂದು ಡಮ್ಮಿಯನ್ನು ಬೇಕೆಂದೇ ಉದ್ದ ಮಾಡಿ, ಪ್ಲಂಕ್ ಆಗುವವರೆಗೆ ಇಳಿಸುತ್ತಾ ಹೋಗುತ್ತೇನೆ. ಸಿಕ್ಕ ಉದ್ದವನ್ನು ಲೋಡ್ ಡೇಟಾದ ಉದ್ದಕ್ಕೆ ಹೋಲಿಸುತ್ತೇನೆ. ಡೇಟಾದ ಉದ್ದ ನನ್ನ ನಳಿಗೆಗೆ ಆಗುವುದಾದರೆ ಅದೇ. ನನ್ನದು ಗಿಡ್ಡ ಬಂದರೆ ಮದ್ದು ಆರಂಭದ ಅಳತೆಯಿಂದ. ಮ್ಯಾಗಜೀನಿಗೆ ಐದು ಡಮ್ಮಿ ತುಂಬಿ ಸ್ಲೈಡ್ ಎಳೆದು ಎಳೆದು ಹೊರಗೆ ಹಾಕುತ್ತೇನೆ. ಎಲ್ಲ ಸರಿ ಎನಿಸಿದ ಮೇಲೆ ಹತ್ತೇ ಹತ್ತು ಜೀವಂತ ತೋಟೆ ಮಾಡಿ ರೇಂಜಿಗೆ ಹೋಗುತ್ತೇನೆ.

ಡಮ್ಮಿಯನ್ನು ಬಿಚ್ಚುವುದಿಲ್ಲ. ಗುಂಡಿನ ಹೆಸರು, ಉದ್ದ, ಯಾವ ಪಿಸ್ತೂಲು ಎಂದು ಚೀಟಿ ಬರೆದು, ಡಮ್ಮಿಯ ಜೊತೆ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ, ಅದೇ ಗುಂಡಿನ ಬಾಕ್ಸಿನೊಳಗೆ ಇಡುತ್ತೇನೆ. ಆರು ತಿಂಗಳ ನಂತರ ಬಾಕ್ಸ್ ತೆರೆದಾಗ ಡೈ ಹೊಂದಿಸಲು ಆ ಡಮ್ಮಿಯನ್ನೇ ಪ್ರೆಸ್‌ಗೆ ಇಡುತ್ತೇನೆ.